ಅಂಕ ಇತ್ತು, ಅನುಭವ ಇತ್ತು, ಕಾಗದ ಇರಲಿಲ್ಲ: ಹೊರಗುತ್ತಿಗೆ ಎಂಜಿನಿಯರ್ ಒಬ್ಬರ ಡಿಎಎಡಿ ಅರ್ಜಿಯ ಪ್ರಕರಣ ಅಧ್ಯಯನ

ಬೆಂಗಳೂರಿನ ನೀರು, ಒಳಚರಂಡಿ, ರಸ್ತೆ ಕಾಮಗಾರಿಗಳಲ್ಲಿ ದುಡಿಯುವ ಕಿರಿಯ ಎಂಜಿನಿಯರುಗಳಲ್ಲಿ ಹಲವರು ಹೊರಗುತ್ತಿಗೆಯವರು. ಕೂರುವುದು ಸರ್ಕಾರಿ ಕಚೇರಿಯಲ್ಲಿ, ಕೆಲಸ ಹೇಳುವವರು ಎಇಇ (ಸಹಾಯಕ ಕಾರ್ಯಪಾಲಕ ಎಂಜಿನಿಯರ್), ಸಂಬಳ ಹಾಕುವುದು ಮ್ಯಾನ್‌ಪವರ್ ಏಜೆನ್ಸಿ. ದಿನದ ಕೆಲಸಕ್ಕೆ ಇದರಿಂದ ಏನೂ ತೊಂದರೆಯಿಲ್ಲ. ವಿದೇಶಿ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ‘ಉದ್ಯೋಗದಾತರ ಪತ್ರ ಲಗತ್ತಿಸಿ’ ಎಂಬ ಸಾಲು ಬಂದಾಗ ಮಾತ್ರ, ಉದ್ಯೋಗದಾತ ಯಾರು ಎಂಬ ಪ್ರಶ್ನೆ ಏಳುತ್ತದೆ. ಇಲ್ಲಿ ಬಿಡಿಸಿರುವ ಪ್ರಕರಣ ಆ ಪ್ರಶ್ನೆಯ ಸುತ್ತಲಿನದು. ಇದು ಒಬ್ಬರದೇ ಕಥೆಯಲ್ಲ. ಇಂಥ ಅರ್ಜಿಗಳಲ್ಲಿ ಮತ್ತೆಮತ್ತೆ ಎದುರಾಗುವ ಸಂಗತಿಗಳನ್ನು ಒಬ್ಬ ಅರ್ಜಿದಾರೆಯ ಕಡತವಾಗಿ ಜೋಡಿಸಲಾಗಿದೆ.

ಅರ್ಜಿದಾರೆ ಸಿವಿಲ್ ಎಂಜಿನಿಯರ್. 2015ರಲ್ಲಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯ ಕಾಲೇಜು ಸೇರಿ 2019ರ ಜುಲೈನಲ್ಲಿ ಬಿ.ಇ. ಮುಗಿಸಿದವರು, ಸಿಜಿಪಿಎ (ಸರಾಸರಿ ಗ್ರೇಡ್ ಅಂಕ) ಹತ್ತಕ್ಕೆ 7.4. 2019ರ ಆಗಸ್ಟ್‌ನಿಂದ 2021ರ ಮಾರ್ಚ್‌ವರೆಗೆ ಪೀಣ್ಯದ ಸಣ್ಣ ಗುತ್ತಿಗೆದಾರರೊಬ್ಬರ ಬಳಿ ಸೈಟ್ ಎಂಜಿನಿಯರ್. ಕೋವಿಡ್ ಎರಡನೇ ಅಲೆಯಲ್ಲಿ ಸೈಟು ನಿಂತು ಹತ್ತು ತಿಂಗಳು ಕೆಲಸವಿಲ್ಲ. 2022ರ ಫೆಬ್ರುವರಿಯಿಂದ ಏಜೆನ್ಸಿ ಮೂಲಕ ಒಂದು ಸರ್ಕಾರಿ ಕಚೇರಿಯಲ್ಲಿ, ಸಂಸ್ಕರಿತ ನೀರಿನ ಕೊಳವೆ ಮಾರ್ಗ ಮತ್ತು ಮಾದರಿ ಪರೀಕ್ಷೆಯ ಕೆಲಸ.

ಇವರು ಆರಿಸಿಕೊಂಡದ್ದು ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಿಎಎಡಿಯ ಇಪೋಸ್ ಯೋಜನೆ. ಅಭಿವೃದ್ಧಿಶೀಲ ದೇಶಗಳ ಉದ್ಯೋಗಸ್ಥರಿಗಾಗಿಯೇ ಇರುವ ಸ್ನಾತಕೋತ್ತರ ವಿದ್ಯಾರ್ಥಿವೇತನ ಇದು. ನೀರು, ನಗರ ಯೋಜನೆ, ಕೃಷಿ, ಸಾರ್ವಜನಿಕ ಆರೋಗ್ಯ, ಅರ್ಥಶಾಸ್ತ್ರದಂಥ ವಿಷಯಗಳಲ್ಲಿ ಗೊತ್ತುಪಡಿಸಿದ ಕೋರ್ಸ್‌ಗಳ ಪಟ್ಟಿ ಇದೆ, ಅದರೊಳಗೇ ಆರಿಸಬೇಕು. ಸ್ಟುಟ್‌ಗಾರ್ಟ್‌ನ ಜಲಸಂಪನ್ಮೂಲ ಎಂಜಿನಿಯರಿಂಗ್, ಡಾರ್ಟ್‌ಮುಂಡ್‌ನ ಪ್ರಾದೇಶಿಕ ಯೋಜನೆ ಅಂಥವು. ಸ್ನಾತಕೋತ್ತರ ವಿದ್ಯಾರ್ಥಿಗೆ ತಿಂಗಳಿಗೆ 992 ಯೂರೋ, ಜೊತೆಗೆ ಆರೋಗ್ಯ ವಿಮೆಗೆ ನೆರವು, ಪ್ರಯಾಣ ಭತ್ಯೆ, ಓದು ಶುರುವಾಗುವ ಮುನ್ನ ಜರ್ಮನ್ ಭಾಷಾ ತರಬೇತಿ. ಷರತ್ತುಗಳಲ್ಲಿ ಎರಡು ಈ ಪ್ರಕರಣಕ್ಕೆ ಮುಖ್ಯ. ಒಂದು, ಪದವಿಯ ನಂತರ ಕನಿಷ್ಠ ಎರಡು ವರ್ಷದ ಉದ್ಯೋಗಾನುಭವ. ಎರಡು, ಕೊನೆಯ ಪದವಿ ಆರು ವರ್ಷಕ್ಕಿಂತ ಹಳೆಯದಾಗಿರಬಾರದು. ಮೊದಲನೆಯದಕ್ಕೆ ಕಾಯಬೇಕು, ಎರಡನೆಯದಕ್ಕೆ ಓಡಬೇಕು. ಎರಡರ ನಡುವೆ ಸಿಗುವುದು ಹೆಚ್ಚೆಂದರೆ ನಾಲ್ಕು ವರ್ಷದ ಕಿಂಡಿ. ಕೋರ್ಸ್‌ಗೆ ವರ್ಷಕ್ಕೊಂದೇ ಗಡುವು. ಹಾಗಾಗಿ ಕೈಗೆ ಸಿಗುವುದು ಮೂರೋ ನಾಲ್ಕೋ ಅವಕಾಶ.

ಬೇರೆ ದಾರಿಗಳನ್ನೂ ನೋಡಲಾಗಿತ್ತು. ಅಮೆರಿಕದಲ್ಲಿ ಓದಲು ಇರುವ ಫುಲ್‌ಬ್ರೈಟ್-ನೆಹರು ಮಾಸ್ಟರ್ಸ್ ಫೆಲೋಶಿಪ್‌ಗೆ ಮೂರು ವರ್ಷದ ಪೂರ್ಣಾವಧಿ ಸಂಬಳದ ಅನುಭವ ಬೇಕು, ವಿಷಯಗಳ ಪಟ್ಟಿಯಲ್ಲಿ ಪರಿಸರ ಅಧ್ಯಯನ ಇದೆ, ಎಂಜಿನಿಯರಿಂಗ್ ಇಲ್ಲ. ಬ್ರಿಟನ್ನಿನ ಚೀವ್ನಿಂಗ್ ಕೇಳುವುದು 2,800 ಗಂಟೆಗಳ ಅನುಭವ, ಅಂದರೆ ಹೆಚ್ಚುಕಡಿಮೆ ಎರಡು ವರ್ಷ. ಓದು ಮುಗಿದ ಮೇಲೆ ಎರಡು ವರ್ಷ ತವರಿನಲ್ಲಿ ಇರಲೇಬೇಕು. ಅಲ್ಲಿ ತೂಕ ನಾಯಕತ್ವದ ಪ್ರಬಂಧಗಳಿಗೆ, ತಾಂತ್ರಿಕ ಕೆಲಸಕ್ಕೆ ಅಷ್ಟಿಲ್ಲ. ಜಪಾನ್-ವಿಶ್ವಬ್ಯಾಂಕ್ ಜಂಟಿ ವಿದ್ಯಾರ್ಥಿವೇತನಕ್ಕೆ ಮೂರು ವರ್ಷದ ಅನುಭವದ ಜೊತೆಗೆ ವಿಶ್ವವಿದ್ಯಾಲಯದ ಪ್ರವೇಶ ಪತ್ರ ಮೊದಲೇ ಕೈಯಲ್ಲಿರಬೇಕು. ಈ ಮೂರರಲ್ಲೂ ಪದವಿ ಎಷ್ಟು ಹಳೆಯದು ಎಂಬುದಕ್ಕೆ ಆರು ವರ್ಷದ ಗಡಿ ಇಲ್ಲ. ಆದ್ದರಿಂದ ಮೊದಲು ಇಪೋಸ್, ಆಗದಿದ್ದರೆ ಇವು ಎಂದು ಸಾಲು ಹಚ್ಚಿದ್ದು ಸರಿಯಾದ ಲೆಕ್ಕವೇ. ಮೊದಲು ಮುಚ್ಚುವ ಬಾಗಿಲನ್ನು ಮೊದಲು ತಟ್ಟಬೇಕು.

ಮೊದಲ ಅರ್ಜಿ, 2023

ಆ ವರ್ಷದ ಗಡುವು ಸೆಪ್ಟೆಂಬರ್ ಕೊನೆ. ಅರ್ಜಿದಾರೆಯ ಲೆಕ್ಕದಲ್ಲಿ ಅನುಭವ 40 ತಿಂಗಳು: ಪೀಣ್ಯದಲ್ಲಿ 20, ಕಚೇರಿಯಲ್ಲಿ 20. ಬೇಕಾದದ್ದು 24. ಅದರ ಮೇಲೆ ಯೋಚನೆಯೇ ಮಾಡದೆ ಐಇಎಲ್‌ಟಿಎಸ್ (ಇಂಗ್ಲಿಷ್ ಪರೀಕ್ಷೆ), ಟ್ರಾನ್ಸ್‌ಕ್ರಿಪ್ಟ್ (ಎಲ್ಲ ಸೆಮಿಸ್ಟರ್‌ಗಳ ಅಧಿಕೃತ ಅಂಕಪಟ್ಟಿ), ಮೋಟಿವೇಶನ್ ಲೆಟರ್ (ಈ ಓದು ಏಕೆ ಬೇಕೆಂದು ಬರೆಯುವ ಪತ್ರ) ಕಡೆಗೆ ಗಮನ ಹೋಯಿತು.

ಉತ್ತರ ನಿರಾಕರಣೆ. ಕಾರಣ ಬರೆದಿರಲಿಲ್ಲ, ಸಾಮಾನ್ಯವಾಗಿ ಬರೆಯುವುದೂ ಇಲ್ಲ. ಆದರೆ ಕೋರ್ಸ್ ಸಂಯೋಜಕರಿಗೆ ವಿನಯದಿಂದ ಒಂದು ಮೇಲ್ ಹಾಕಿದರೆ ಕೆಲವೊಮ್ಮೆ ಒಂದು ಸಾಲಿನ ಉತ್ತರವಾದರೂ ಬರುತ್ತದೆ. ಇಲ್ಲಿ ಬಂತು: ದಾಖಲೆಯಿರುವ ಅನುಭವ ಎರಡು ವರ್ಷ ಮುಟ್ಟಿಲ್ಲ.

ಕಡತ ಬಿಚ್ಚಿ ನೋಡಿದಾಗ ಸಂಗತಿ ಸ್ಪಷ್ಟ. ಪೀಣ್ಯದ 20 ತಿಂಗಳು ಸಿವಿಯಲ್ಲಿ ಇತ್ತು, ಲಗತ್ತುಗಳಲ್ಲಿ ಇರಲಿಲ್ಲ. ಗುತ್ತಿಗೆದಾರರು ಅನುಭವ ಪತ್ರ ಕೊಟ್ಟಿರಲಿಲ್ಲ, ಇವರೂ ಬೆನ್ನು ಹತ್ತಿರಲಿಲ್ಲ. ಮೌಲ್ಯಮಾಪನ ಮಾಡುವವರ ಮೇಜಿನ ಮೇಲೆ ಇದ್ದದ್ದು ಏಜೆನ್ಸಿಯ ಒಂದು ಪತ್ರ, ಅದರಲ್ಲಿ 20 ತಿಂಗಳು. 24ಕ್ಕೆ ನಾಲ್ಕು ಕಮ್ಮಿ. ಅಂಕ, ಭಾಷೆ, ಪ್ರಬಂಧ ಯಾವುದೂ ನೋಡುವ ಹಂತಕ್ಕೇ ಅರ್ಜಿ ಹೋಗಿರಲಿಲ್ಲ ಎಂದೇ ಹೇಳಬೇಕು.

ಏಜೆನ್ಸಿಯ ಪತ್ರದಲ್ಲೂ ಹುಳುಕಿತ್ತು. ಹುದ್ದೆ ಎಂಬಲ್ಲಿ ‘ಟೆಕ್ನಿಕಲ್ ಸ್ಟಾಫ್’, ಕೆಲಸದ ವಿವರ ಎಂಬಲ್ಲಿ ‘ಕ್ಲೈಂಟ್ ಸೂಚಿಸಿದ ಕೆಲಸ’. ಜರ್ಮನಿಯಲ್ಲಿ ಅದನ್ನು ಓದುವ ಪ್ರಾಧ್ಯಾಪಕರಿಗೆ ಇವರು ನೀರಿನ ಎಂಜಿನಿಯರೋ, ಡೇಟಾ ಎಂಟ್ರಿ ಆಪರೇಟರೋ ಗೊತ್ತಾಗುವ ದಾರಿಯಿಲ್ಲ. ಶಿಫಾರಸು ಪತ್ರ ಕಾಲೇಜಿನ ಪ್ರಾಧ್ಯಾಪಕರದು, ಅದರ ತುಂಬ ‘ಶ್ರದ್ಧೆಯ ವಿದ್ಯಾರ್ಥಿನಿ’ ಎಂಬ ಮಾತು. ಉದ್ಯೋಗಸ್ಥರಿಗಾಗಿ ಇರುವ ಯೋಜನೆಗೆ ತರಗತಿಯ ಹೊಗಳಿಕೆ ಸಾಲದು.

ಎರಡನೇ ಸಲದ ತಯಾರಿ

2019ರ ಜುಲೈ ಪದವಿಗೆ ಆರು ವರ್ಷ ತುಂಬುವುದು 2025ರ ಜುಲೈನಲ್ಲಿ. ಅಂದರೆ 2024ರ ಸೆಪ್ಟೆಂಬರ್ ಗಡುವೇ ಕೊನೆಯ ಅವಕಾಶ. ಕೆಲಸ ಜನವರಿಯಲ್ಲೇ ಶುರುವಾಯಿತು.

ಪೀಣ್ಯದ ಗುತ್ತಿಗೆದಾರರು ಅಷ್ಟರಲ್ಲಿ ಸಂಸ್ಥೆ ಮುಚ್ಚಿ ಬೇರೆ ವ್ಯವಹಾರಕ್ಕೆ ಇಳಿದಿದ್ದರು. ಲೆಟರ್‌ಹೆಡ್ ಇಲ್ಲ, ಸೀಲು ಇಲ್ಲ. ಇಂಥ ಸಂದರ್ಭದಲ್ಲಿ ಒಂದೇ ಗಟ್ಟಿ ಕಾಗದಕ್ಕಾಗಿ ಕಾಯುವ ಬದಲು, ಒಂದಕ್ಕೊಂದು ತಾಳೆಯಾಗುವ ನಾಲ್ಕು ಸಣ್ಣ ಕಾಗದ ಕೂಡಿಸಬೇಕು. ಕೂಡಿಸಿದ್ದು ಇವು: 2019ರ ನೇಮಕಾತಿ ಪತ್ರ, ಫಾರ್ಮ್ 16 (ಉದ್ಯೋಗದಾತ ಕೊಡುವ ತೆರಿಗೆ ಕಡಿತದ ಪ್ರಮಾಣಪತ್ರ), ಪ್ರತಿ ತಿಂಗಳ ಸಂಬಳ ಜಮೆ ತೋರಿಸುವ ಬ್ಯಾಂಕ್ ಸ್ಟೇಟ್‌ಮೆಂಟ್, ಯುಎಎನ್ (ಭವಿಷ್ಯನಿಧಿ ಸಂಖ್ಯೆ) ಖಾತೆಯ ಪಿಎಫ್ ಪಾಸ್‌ಬುಕ್. ಇದರಲ್ಲಿ ಪಿಎಫ್ ಪಾಸ್‌ಬುಕ್ಕೇ ಬಲವಾದದ್ದು. ಸಂಸ್ಥೆಯ ಹೆಸರು, ತಿಂಗಳು, ವಂತಿಗೆ ಎಲ್ಲ ಅದರಲ್ಲಿದೆ, ಅರ್ಜಿದಾರೆ ತಿದ್ದಲು ಬರುವುದಿಲ್ಲ. ಹಳೆಯ ಮಾಲೀಕರಿಂದ ಬಿಳಿ ಹಾಳೆಯ ಮೇಲೆ ಇಂಗ್ಲಿಷ್‌ನಲ್ಲಿ ದಿನಾಂಕ, ಹುದ್ದೆ, ಸಂಸ್ಥೆ ಮುಚ್ಚಿದ ಸಂಗತಿ, ದೂರವಾಣಿ ಸಂಖ್ಯೆ ಬರೆಸಿ ಸಹಿ ಹಾಕಿಸಿ ಇವುಗಳ ಮೇಲಿಟ್ಟರು. ಪಿಎಫ್ ಕಟ್ಟದ ಗುತ್ತಿಗೆದಾರರಾಗಿದ್ದರೆ ಕೆಲಸ ಇನ್ನೂ ಕಷ್ಟವಿತ್ತು. ಪುಟ್ಟ ಸಂಸ್ಥೆಗಳಲ್ಲಿ ನಗದು ಸಂಬಳಕ್ಕೆ ಒಪ್ಪಿಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಲಿ.

ಇನ್ನು ಸರ್ಕಾರಿ ಕಚೇರಿ. ಕಾನೂನಿನ ಲೆಕ್ಕದಲ್ಲಿ ಉದ್ಯೋಗದಾತ ಏಜೆನ್ಸಿ, ಕೆಲಸ ಕಂಡವರು ಕಚೇರಿಯವರು. ಹಾಗಾಗಿ ಪತ್ರ ಎರಡು ಬೇಕು: ಏಜೆನ್ಸಿಯಿಂದ ಉದ್ಯೋಗ ದೃಢೀಕರಣ, ಕಾರ್ಯಪಾಲಕ ಎಂಜಿನಿಯರ್ ಅವರಿಂದ ಕೆಲಸದ ವಿವರ. ಏಜೆನ್ಸಿಯದು ಸುಲಭವಾಗಿ ಸಿಕ್ಕಿತು, ಏಕೆಂದರೆ ಈ ಸಲ ಕರಡನ್ನು ತಾವೇ ಬರೆದುಕೊಂಡು ಹೋಗಿದ್ದರು. ಸೇರಿದ ದಿನ, ಹುದ್ದೆ, ವಾರಕ್ಕೆ ಎಷ್ಟು ಗಂಟೆ, ನಿಯೋಜಿತ ಕಚೇರಿ, ‘ಇಂದಿಗೂ ಕೆಲಸದಲ್ಲಿದ್ದಾರೆ’ ಎಂಬ ವಾಕ್ಯ, ಸಹಿ ಹಾಕಿದವರ ಹೆಸರು ಮತ್ತು ಸಂಸ್ಥೆಯ ಮೇಲ್ ವಿಳಾಸ. ಜಿಮೇಲ್ ವಿಳಾಸ ಕೊಟ್ಟ ಪತ್ರವನ್ನು ಯಾರೂ ತಕ್ಷಣ ತಳ್ಳಿಹಾಕುವುದಿಲ್ಲ, ಆದರೆ ಅನುಮಾನಕ್ಕೆ ಎಡೆ ಏಕೆ ಕೊಡಬೇಕು.

ಕಚೇರಿಯ ಪತ್ರ ಎರಡು ತಿಂಗಳು ತಿಂದಿತು. ಕೇಸ್ ವರ್ಕರ್ ಮೊದಲೇ ಹೇಳಿಬಿಟ್ಟರು: ಹೊರಗುತ್ತಿಗೆಯವರಿಗೆ ನಾವು ಪತ್ರ ಕೊಡುವುದಿಲ್ಲ. ಇದು ಮೊಂಡುತನದಂತೆ ಕಾಣುತ್ತದೆ, ಆದರೆ ಹಿನ್ನೆಲೆ ಇದೆ. 2006ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ಪ್ರಕರಣದಲ್ಲಿ, ನಿಯಮಬದ್ಧ ನೇಮಕಾತಿ ಇಲ್ಲದೆ ದುಡಿದವರಿಗೆ ಖಾಯಮಾತಿ ಹಕ್ಕಿಲ್ಲ ಎಂದಿತು. ಹತ್ತು ವರ್ಷಕ್ಕೂ ಮೀರಿ ದುಡಿದ ಕೆಲವರ ವಿಷಯವನ್ನು ಒಂದು ಸಲ ಪರಿಗಣಿಸಬಹುದು ಎಂದೂ ಹೇಳಿತು. ಅಂದಿನಿಂದ, ‘ಇವರು ನಮ್ಮಲ್ಲಿ ಇಷ್ಟು ವರ್ಷ ಕೆಲಸ ಮಾಡಿದ್ದಾರೆ’ ಎಂದು ಸರ್ಕಾರಿ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟರೆ ಅದು ನಾಳೆ ಖಾಯಮಾತಿ ದಾವೆಯಲ್ಲಿ ದಾಖಲೆಯಾಗುತ್ತದೆಂಬ ಅಂಜಿಕೆ ಅಧಿಕಾರಿಗಳಿಗೆ. ಅಂಜಿಕೆ ಯಾವುದೆಂದು ತಿಳಿದ ಮೇಲೆ ದಾರಿಯೂ ತಿಳಿಯಿತು. ಕರಡಿನಲ್ಲಿ ಎರಡು ವಾಕ್ಯ ಸೇರಿಸಿದರು: ಸದರಿಯವರು ಇಂಥ ಏಜೆನ್ಸಿಯ ನೌಕರರಾಗಿ ಈ ಕಚೇರಿಗೆ ನಿಯೋಜಿತರಾಗಿದ್ದಾರೆ, ಈ ಪತ್ರವನ್ನು ಉನ್ನತ ವ್ಯಾಸಂಗದ ಅರ್ಜಿಗಾಗಿ ಮಾತ್ರ ನೀಡಿದ್ದು, ಸೇವೆಗೆ ಸಂಬಂಧಿಸಿದ ಯಾವುದೇ ಹಕ್ಕು ಇದರಿಂದ ಉಂಟಾಗುವುದಿಲ್ಲ.

ಮನವಿಯನ್ನು ಬಾಯಿಮಾತಲ್ಲಿ ಇಡದೆ ಟಪಾಲಿಗೆ ಹಾಕಿ ಸ್ವೀಕೃತಿ ಸಂಖ್ಯೆ ಪಡೆದರು. ಎಇಇ ಕಡತದಲ್ಲಿ ‘ಶಿಫಾರಸು ಮಾಡಿದೆ’ ಎಂದು ಷರಾ ಬರೆದ ಮೇಲೆ ಮೇಲಿನವರ ಸಹಿ ತಡವಾಗಲಿಲ್ಲ. ಪತ್ರ ಬಂದದ್ದು ಕನ್ನಡದಲ್ಲಿ, ಬರಬೇಕಾದದ್ದೂ ಹಾಗೆಯೇ. ಅದರ ಇಂಗ್ಲಿಷ್ ಅನುವಾದ ಮಾಡಿಸಿ, ನೋಟರಿ ದೃಢೀಕರಣದೊಂದಿಗೆ, ಮೂಲದ ಪ್ರತಿಯನ್ನೂ ಅದೇ ಪಿಡಿಎಫ್‌ನಲ್ಲಿ ಜೋಡಿಸಲಾಯಿತು.

ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುವ ಭರವಸೆ

ಇಪೋಸ್ ಕೇಳುವ ಉದ್ಯೋಗದಾತರ ಪತ್ರದಲ್ಲಿ, ಸಾಧ್ಯವಿದ್ದರೆ, ಓದು ಮುಗಿಸಿ ಬಂದ ಮೇಲೆ ಮರಳಿ ಕೆಲಸ ಕೊಡುವ ಖಾತರಿ ಇರಬೇಕು. ‘ಸಾಧ್ಯವಿದ್ದರೆ’ ಎಂಬುದನ್ನು ಹೆಚ್ಚಿನವರು ಓದುವುದೇ ಇಲ್ಲ, ಹೇಗಾದರೂ ಖಾತರಿ ಹುಟ್ಟಿಸಲು ಹೊರಡುತ್ತಾರೆ. ಏಜೆನ್ಸಿಯವರು ‘ಬರೆದುಕೊಡೋಣ ಬಿಡಿ ಮೇಡಂ’ ಎಂದಿದ್ದರು. ಆದರೆ ಅವರ ಟೆಂಡರ್ ಅವಧಿ ಮುಗಿಯುವುದು ಮಾರ್ಚ್‌ನಲ್ಲಿ. 2027ರಲ್ಲಿ ಕೆಲಸ ಕೊಡುತ್ತೇವೆಂದು 2025ರ ಮಾರ್ಚ್‌ಗೆ ಹೊರಹೋಗಬಹುದಾದ ಏಜೆನ್ಸಿ ಬರೆಯುವ ಪತ್ರಕ್ಕೆ ಬೆಲೆ ಏನು? ಸಂದರ್ಶನದಲ್ಲಿ ಒಂದು ಮರುಪ್ರಶ್ನೆ ಬಂದರೆ ಇಡೀ ಅರ್ಜಿಯ ನಂಬಿಕೆ ಹೋಗುತ್ತದೆ.

ಬದಲಿಗೆ ಇದ್ದದ್ದನ್ನು ಇದ್ದಂತೆ ಬರೆದರು. ಮೋಟಿವೇಶನ್ ಲೆಟರ್‌ನಲ್ಲಿ ನಾಲ್ಕು ಸಾಲು: ಹುದ್ದೆ ಟೆಂಡರ್ ಆಧಾರಿತ, ಹಾಗಾಗಿ ಖಾತರಿ ಪತ್ರ ಸಾಧ್ಯವಿಲ್ಲ, ಬೆಂಗಳೂರಿನಲ್ಲಿ ಸಂಸ್ಕರಿತ ನೀರಿನ ಮೇಲೆ ಕೆಲಸ ಮಾಡುವವರು ಯಾರು ಯಾರು, ಅವರಿಗೆ ಯಾವ ಕೌಶಲದ ಕೊರತೆಯಿದೆ. ಜೊತೆಗೆ ನಗರದ ನೀರಿನ ಕುರಿತು ಅಧ್ಯಯನ ಮಾಡುವ ಸಂಸ್ಥೆಯೊಂದರಿಂದ, ಇಂಥ ಪರಿಣತಿ ಇರುವವರ ಅಗತ್ಯ ನಮಗಿದೆ ಎಂಬ ಆಸಕ್ತಿಯ ಪತ್ರ. ಅದು ಖಾತರಿಯಲ್ಲ, ಖಾತರಿ ಎಂದು ಹೇಳಿಕೊಳ್ಳುವುದೂ ಇಲ್ಲ.

ಮೋಟಿವೇಶನ್ ಲೆಟರ್ ಎರಡು ಪುಟ ಮೀರಬಾರದು. ಮೊದಲ ಸಲದ್ದರ ಅರ್ಧ ಪುಟ ಜಗತ್ತಿನ ನೀರಿನ ಬಿಕ್ಕಟ್ಟಿಗೆ ಹೋಗಿತ್ತು, ಕಾಲು ಪುಟ ಜರ್ಮನಿಯ ತಂತ್ರಜ್ಞಾನದ ಹೊಗಳಿಕೆಗೆ. ಎರಡನೆಯದು ತಮ್ಮ ಮೇಜಿನಿಂದಲೇ ಶುರುವಾಯಿತು. ಬೆಂಗಳೂರಿನ ಸಂಸ್ಕರಿತ ನೀರನ್ನು ಕೋಲಾರದ ಕಡೆಗೆ ಹರಿಸುವ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆ ಮುಟ್ಟಿತು. ನೊರೆ ಕಂಡು ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಕೆರೆಯಿಂದ ಕೆರೆಗೆ ಕೋಡಿ ಬಿದ್ದು ಸಾಗುವ ಆ ಸರಪಳಿಯನ್ನು ಉದಾಹರಣೆಯಾಗಿ ಹಿಡಿದು ಅವರು ಬರೆದದ್ದರ ಸಾರ: ಸ್ಥಾವರದಿಂದ ಹೊರಬರುವ ನೀರಿನ ಬಿಒಡಿ, ಸಿಒಡಿ (ನೀರಿನಲ್ಲಿ ಉಳಿದ ಕೊಳೆಯ ಅಳತೆಗಳು) ಮಿತಿಯೊಳಗಿದೆಯೇ ಎಂದು ನೋಡುವುದು ನನಗೆ ಗೊತ್ತು, ಅದೇ ನೀರಿನ ರಂಜಕ, ಸಾರಜನಕ ಎಷ್ಟನೇ ಕೆರೆಯಲ್ಲಿ ಎಷ್ಟು ಜಮೆಯಾಗುತ್ತದೆ, ಅಂತರ್ಜಲಕ್ಕೆ ಎಷ್ಟು ಇಳಿಯುತ್ತದೆ ಎಂದು ಲೆಕ್ಕ ಕಟ್ಟಲು ಬರುವುದಿಲ್ಲ, ಈ ಕೋರ್ಸಿನ ಇಂಥಿಂಥ ಪಾಠಗಳು ಅದನ್ನು ಕಲಿಸುತ್ತವೆ. ಗೊತ್ತಿಲ್ಲದ್ದನ್ನು ಇಷ್ಟು ಕರಾರುವಾಕ್ಕಾಗಿ ಹೇಳುವ ಅರ್ಜಿ ಅಪರೂಪ. ನಮ್ಮ ಕಡೆ ಅರ್ಜಿ ಎಂದರೆ ಗೊತ್ತಿರುವುದನ್ನೆಲ್ಲ ಸುರಿಯುವುದು ಎಂಬ ರೂಢಿ ಬಲವಾಗಿದೆ.

ಮೊದಲ ಸಲ ಎರಡನೇ ಆದ್ಯತೆಯಾಗಿ ಹಾಕಿದ್ದ ಪ್ರಾದೇಶಿಕ ಯೋಜನೆಯ ಕೋರ್ಸನ್ನು ಈ ಸಲ ಕೈಬಿಟ್ಟರು. ನೀರಿನ ಮಾದರಿ ತೆಗೆಯುವವರು ಭೂಬಳಕೆ ಯೋಜನೆಗೂ ಅಷ್ಟೇ ಉತ್ಸಾಹ ತೋರಿಸಿದರೆ, ಎರಡರಲ್ಲೂ ಮನಸ್ಸಿಲ್ಲ ಎಂದೇ ಓದುವವರು ತಿಳಿಯುತ್ತಾರೆ. ಸಿವಿಯನ್ನು ಯೂರೋಪಿನಲ್ಲಿ ಬಳಕೆಯಲ್ಲಿರುವ ಯೂರೋಪಾಸ್ ನಮೂನೆಯಲ್ಲಿ, ತಿಂಗಳು-ವರ್ಷ ಸಮೇತ ಬರೆದು, ಕೋವಿಡ್ ಕಾಲದ ಹತ್ತು ತಿಂಗಳ ಖಾಲಿಯನ್ನು ಒಂದೇ ಸಾಲಲ್ಲಿ ನಮೂದಿಸಿದರು. ಹಿಂದಿನ ಸಲ ಬರೀ ವರ್ಷ ಹಾಕಿ ಅದನ್ನು ಮುಚ್ಚಿದ್ದರು. ಪಿಎಫ್ ಪಾಸ್‌ಬುಕ್ ಲಗತ್ತಿಸಿದ ಮೇಲೆ ಮುಚ್ಚುವುದು ಸಾಧ್ಯವೂ ಇಲ್ಲ.

ಅಂಕದ ಲೆಕ್ಕ

ಇದು ಬೆಂಗಳೂರಿನ ಅರ್ಜಿದಾರರು ಹೆಚ್ಚು ತಲೆಕೆಡಿಸಿಕೊಳ್ಳುವ, ಆದರೆ ಸರಿಯಾಗಿ ಮಾಡದ ಕೆಲಸ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಉತ್ತೀರ್ಣದ ಗಡಿ. ಪರಿವರ್ತನೆಗೆ ಬವೇರಿಯನ್ ಸೂತ್ರ ಬಳಸುತ್ತಾರೆ: ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠ ಮತ್ತು ಕನಿಷ್ಠ ಉತ್ತೀರ್ಣ ಅಂಕಗಳ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ.

ಸಿಜಿಪಿಎ 7.4 ಇದ್ದು, ಉತ್ತೀರ್ಣಕ್ಕೆ ಕನಿಷ್ಠ 4 ಎಂದು ಹಿಡಿದರೆ: 10ರಿಂದ 7.4 ಕಳೆದರೆ 2.6, ಅದನ್ನು 6ರಿಂದ ಭಾಗಿಸಿ 3ರಿಂದ ಗುಣಿಸಿದರೆ 1.3, ಒಟ್ಟು 2.3. ಅದೇ 7.4ನ್ನು ಮೊದಲು ಶೇಕಡಾಕ್ಕೆ ತಿರುಗಿಸಿದರೆ? 2015ರ ಸಿಬಿಸಿಎಸ್ (ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ) ಸ್ಕೀಮ್‌ನವರಿಗೆ ವಿಟಿಯು ಸೂತ್ರ ಸಿಜಿಪಿಎಯಿಂದ 0.75 ಕಳೆದು 10ರಿಂದ ಗುಣಿಸುವುದು, ಅಂದರೆ ಶೇ 66.5. ನೂರಕ್ಕೆ ಗರಿಷ್ಠ, 40 ಉತ್ತೀರ್ಣ ಎಂದಿಟ್ಟರೆ 33.5ನ್ನು 60ರಿಂದ ಭಾಗಿಸಿ 3ರಿಂದ ಗುಣಿಸಿ ಒಂದು ಕೂಡಿಸಿದರೆ ಸುಮಾರು 2.7. ಒಂದೇ ಅಂಕಪಟ್ಟಿ, ಒಮ್ಮೆ 2.3, ಒಮ್ಮೆ 2.7. ಕೋರ್ಸ್ 2.5ರ ಗಡಿ ಇಟ್ಟಿದ್ದರೆ ಒಂದರಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ.

ಅಂತಿಮ ಲೆಕ್ಕ ಮಾಡುವುದು ವಿಶ್ವವಿದ್ಯಾಲಯ, ಅರ್ಜಿದಾರರಲ್ಲ. ಆದರೆ ಅರ್ಜಿದಾರರು ಶೇಕಡಾ ಪರಿವರ್ತನೆ ಪತ್ರವನ್ನು ತಾವಾಗಿಯೇ ಮುಂದಿಟ್ಟರೆ ಕಡಿಮೆ ಅಂಕದ ದಾರಿಗೆ ತಾವೇ ಕೈಮರ ನೆಟ್ಟಂತೆ. ಟ್ರಾನ್ಸ್‌ಕ್ರಿಪ್ಟ್ ಸಿಜಿಪಿಎಯಲ್ಲಿದ್ದರೆ ಹಾಗೇ ಕಳಿಸಿ, ಗ್ರೇಡ್ ಪಾಯಿಂಟ್‌ಗಳ ಪಟ್ಟಿ ಹಾಗೂ ಕನಿಷ್ಠ ಉತ್ತೀರ್ಣ ಗ್ರೇಡ್ ಇರುವ ಪುಟವನ್ನು ಲಗತ್ತಿಸಿದರೆ ಸಾಕು. ಕೇಳಿದರೆ ಮಾತ್ರ ಶೇಕಡಾ.

ಎಪಿಎಸ್, ಸಂದರ್ಶನ, ನಂತರ

ಭಾರತದ ವಿದ್ಯಾರ್ಥಿಗಳ ಶೈಕ್ಷಣಿಕ ದಾಖಲೆಗಳನ್ನು ಪರಿಶೀಲಿಸುವ ಎಪಿಎಸ್ ಪ್ರಮಾಣಪತ್ರ 2022ರ ನವೆಂಬರ್‌ನಿಂದ ಜರ್ಮನ್ ವಿದ್ಯಾರ್ಥಿ ವೀಸಾಕ್ಕೆ ಕಡ್ಡಾಯ, ಶುಲ್ಕ 18,000 ರೂಪಾಯಿ. ಜರ್ಮನ್ ಸಾರ್ವಜನಿಕ ಹಣದ ವಿದ್ಯಾರ್ಥಿವೇತನ ಪಡೆದವರಿಗೆ ವಿನಾಯಿತಿ ಇದೆ. ಹಾಗಾದರೆ ಮಾಡಿಸುವುದೇಕೆ? ವಿನಾಯಿತಿ ವೀಸಾ ಹಂತದ್ದು. ಪ್ರವೇಶ ಅರ್ಜಿಯ ಹೊತ್ತಿಗೆ ವಿದ್ಯಾರ್ಥಿವೇತನ ಇನ್ನೂ ಕೈಸೇರಿರುವುದಿಲ್ಲ, ಕೆಲವು ವಿಶ್ವವಿದ್ಯಾಲಯಗಳು ಆಗಲೇ ಅದನ್ನು ಕೇಳುತ್ತವೆ. ಕೋರ್ಸ್ ಕಚೇರಿಗೆ ಬರೆದು ಕೇಳಿ, ಬೇಕು ಎಂದ ಮೇಲೆ ಹಣ ಕಟ್ಟುವುದು ಜಾಣತನ. ಈ ಅರ್ಜಿದಾರೆ ಕೇಳಿದರು, ಬೇಕೆಂದರು, ಏಪ್ರಿಲ್‌ನಲ್ಲೇ ಕಟ್ಟಿದರು. ಜುಲೈಗೆ ಕಟ್ಟಿದ್ದರೆ ಗಡುವಿಗೆ ಸಿಗುತ್ತಿತ್ತೋ ಇಲ್ಲವೋ.

2024ರ ಅರ್ಜಿಯಲ್ಲಿ ದಾಖಲೆ ಸಮೇತ ತೋರಿಸಿದ ಅನುಭವ 52 ತಿಂಗಳು. ಶಿಫಾರಸು ಪತ್ರ ಈ ಸಲ ಎಇಇ ಅವರದು, ಕಚೇರಿಯ ಅಧಿಕೃತ ಮೇಲ್‌ನಿಂದ. ಅದರಲ್ಲಿ ಒಂದು ಘಟನೆಯ ವಿವರ: ಮಾದರಿಗಳ ಫಲಿತಾಂಶ ಸರಿಬರದಿದ್ದಾಗ ಇವರು ಮಾದರಿ ತೆಗೆಯುವ ಸಮಯವನ್ನು ಬೆಳಗಿನ ಹೆಚ್ಚಿನ ಹರಿವಿನ ಹೊತ್ತಿಗೆ ಬದಲಿಸಿ ಕಾರಣ ಪತ್ತೆ ಹಚ್ಚಿದ್ದು. ವಿಡಿಯೋ ಸಂದರ್ಶನದಲ್ಲಿ ಹೆಚ್ಚು ಹೊತ್ತು ಮಾತು ನಡೆದದ್ದು ಅದರ ಮೇಲೆಯೇ. ಹುದ್ದೆಯ ಖಾತರಿ ಏಕಿಲ್ಲ ಎಂಬ ಪ್ರಶ್ನೆಯೂ ಬಂತು. ಬರೆದ ನಾಲ್ಕು ಸಾಲನ್ನೇ ಬಾಯಲ್ಲಿ ಹೇಳಿದರು. ವಿಶ್ವವಿದ್ಯಾಲಯ ಹೆಸರು ಸೂಚಿಸಿತು, ಡಿಎಎಡಿ ಮಂಜೂರು ಮಾಡಿತು.

ಮಂಜೂರಾತಿ ಪತ್ರ ಇರುವುದರಿಂದ ವೀಸಾಕ್ಕೆ 11,904 ಯೂರೋಗಳ ಬ್ಲಾಕ್ಡ್ ಅಕೌಂಟ್ (ಖರ್ಚಿನ ಹಣ ಮೊದಲೇ ಇಟ್ಟು ತಿಂಗಳಿಗಿಷ್ಟೇ ತೆಗೆಯಬಹುದಾದ ಖಾತೆ) ಬೇಕಾಗಲಿಲ್ಲ. ಆದರೆ ಮೊದಲ ಕಂತು ಕೈಗೆ ಬರುವ ಮುನ್ನವೇ ಮನೆಯ ಮುಂಗಡ ಕಟ್ಟಬೇಕಾಗುತ್ತದೆ. ಜರ್ಮನಿಯಲ್ಲಿ ಮೂಲ ಬಾಡಿಗೆಯ ಮೂರು ಪಟ್ಟಿನವರೆಗೆ ಮುಂಗಡ ಕೇಳಲು ಕಾನೂನಿನ ಅವಕಾಶವಿದೆ. ವಿದ್ಯಾರ್ಥಿ ನಿಲಯಕ್ಕೆ ಮಂಜೂರಾತಿ ಸಿಕ್ಕ ವಾರವೇ ಅರ್ಜಿ ಹಾಕಿ, ಅದರ ಜೊತೆಗೆ ಎರಡು ತಿಂಗಳ ಖರ್ಚಿನಷ್ಟು ಸ್ವಂತ ಹಣ ಹೊಂದಿಸಿಕೊಳ್ಳುವುದು ಕ್ಷೇಮ.

2025ರ ಮಾರ್ಚ್ ಕೊನೆಗೆ ಟೆಂಡರ್ ಬದಲಾಯಿತು, ಕಚೇರಿಗೆ ಹೊಸ ಏಜೆನ್ಸಿ ಬಂತು. ಹೊಸಬರ ಹಾಜರಿ ಪುಸ್ತಕದಲ್ಲಿ ಇವರು ಏಪ್ರಿಲ್ 1ರಂದು ಸೇರಿದ ಹೊಸ ನೌಕರರು. ಹಳೆಯ ಏಜೆನ್ಸಿಯಿಂದ 2022ರ ಫೆಬ್ರುವರಿಯಿಂದ 2025ರ ಮಾರ್ಚ್‌ವರೆಗಿನ ಅನುಭವ ಪತ್ರವನ್ನು, ಸೀಲು ಹಾಕಿದ ಮೂರು ಮೂಲ ಪ್ರತಿಗಳಲ್ಲಿ, ಅವರ ಕಚೇರಿ ಖಾಲಿಯಾಗುವ ಮುನ್ನ ಬರೆಸಿಕೊಂಡಿದ್ದರು. ಅದೇ ಏಜೆನ್ಸಿಯಲ್ಲಿದ್ದ ಉಳಿದವರು ಆ ಪತ್ರಕ್ಕಾಗಿ ಇನ್ನೂ ಫೋನ್ ಮಾಡುತ್ತಿದ್ದಾರೆ.